ಒಳಗಿನಿಂದ ಬಿದ್ದ ಕೋಟೆ: ಇಂಗ್ಲೆಂಡಿನ ಕಾರ್ಫ್ ಕ್ಯಾಸಲ್ ಕಥೆ

ಇಂಗ್ಲೆಂಡಿನ ಕೋಟೆ ಅಂದ ಕೂಡಲೇ ಕಣ್ಮುಂದೆ ಬರೋದು ರಾಜ-ರಾಣಿ, ಕೆಂಪು ಕೋಟಿನ ಕಾವಲುಗಾರರು, ಅಲ್ವಾ? ಇವತ್ತು ನಾವು ಹೋಗ್ತಿರೋ ಕೋಟೆಯಲ್ಲಿ ಇದ್ಯಾವುದೂ ಇಲ್ಲ. ಮೇಲೆ ಸೂರಿಲ್ಲ, ಗೋಪುರಗಳು ವಾಲಿಕೊಂಡು ನಿಂತಿವೆ. ಆದರೂ ಜನ ಟಿಕೆಟ್ ಕೊಂಡು, ಗುಡ್ಡ ಹತ್ತಿ ಇದನ್ನು ನೋಡೋಕೆ ಬರ್ತಾರೆ. ಯಾಕೆ?

ಹೆಸರು ಕಾರ್ಫ್ ಕ್ಯಾಸಲ್. ಇರೋದು ದಕ್ಷಿಣ ಕರಾವಳಿಗೆ ಹತ್ತಿರದ ಡಾರ್ಸೆಟ್‌ನಲ್ಲಿ. ಅಲ್ಲಿನ ಪರ್ಬೆಕ್ ಬೆಟ್ಟಸಾಲು ಒಂದು ಕಡೆ ತುಂಡಾಗಿ ದಾರಿ ಬಿಟ್ಟಿದೆ. ಆ ದಾರಿಯ ನಡುವಿನ ಗುಡ್ಡದ ಮೇಲೆ ಈ ಕೋಟೆ. ಅಂದ್ರೆ ಕೆಳಗೆ ಯಾರು ಬಂದ್ರೂ, ಯಾರು ಹೋದ್ರೂ ಮೇಲಿನವರಿಗೆ ಕಾಣುತ್ತೆ. 1066ರಲ್ಲಿ ಇಂಗ್ಲೆಂಡನ್ನು ಗೆದ್ದ ವಿಲಿಯಂ ದೊರೆ ಇಲ್ಲಿ ಕೋಟೆ ಕಟ್ಟಿಸಿದ. ಅವನ ಮಗ ಮೊದಲನೇ ಹೆನ್ರಿಯ ಕಾಲದಲ್ಲಿ ನಡುವಿನ ಕಲ್ಲಿನ ಗೋಪುರ ಎದ್ದಿತು. ಸುಮಾರು 21 ಮೀಟರ್ ಎತ್ತರ. ಮುಂದೆ ಜಾನ್ ದೊರೆಗೆ ಇದೇ ಅರಮನೆ, ಇದೇ ಸೆರೆಮನೆ. 1572ರಲ್ಲಿ ಎಲಿಜಬೆತ್ ರಾಣಿ ಕೋಟೆಯನ್ನು ಮಾರಿಬಿಟ್ಟಳು. 1635ರಲ್ಲಿ ಸರ್ ಜಾನ್ ಬ್ಯಾಂಕ್ಸ್ ಅನ್ನೋ ನ್ಯಾಯಾಧೀಶರು ಕೊಂಡುಕೊಂಡರು.

ಅಸಲಿ ಕಥೆ ಶುರುವಾಗೋದು ಇಲ್ಲಿಂದ. 1642ರಲ್ಲಿ ದೊರೆ ಮೊದಲನೇ ಚಾರ್ಲ್ಸ್‌ಗೂ ಪಾರ್ಲಿಮೆಂಟಿಗೂ ಅಂತರ್ಯುದ್ಧ ಹತ್ತಿಕೊಂಡಿತು. ಬ್ಯಾಂಕ್ಸ್ ದೊರೆಯ ಪಕ್ಷ. ಅವರು ದೊರೆಯ ಜೊತೆ ಇದ್ದರು. ಇತ್ತ ಕೋಟೆಯಲ್ಲಿ ಉಳಿದವರು ಹೆಂಡತಿ ಲೇಡಿ ಮೇರಿ ಬ್ಯಾಂಕ್ಸ್, ಮಕ್ಕಳು, ಆಳುಕಾಳುಗಳು.

1643ರಲ್ಲಿ ಪಾರ್ಲಿಮೆಂಟಿನ ಸೈನ್ಯ ಕೋಟೆಗೆ ಮುತ್ತಿಗೆ ಹಾಕ್ತು. ಐನೂರಕ್ಕೂ ಹೆಚ್ಚು ಜನ. ಒಳಗಿದ್ದವರು ನೂರು ಜನರೂ ಇಲ್ಲ. ಆರು ವಾರ ಮುತ್ತಿಗೆ ನಡೀತು. ಶತ್ರುಗಳು ಏಣಿ ಹಾಕಿ ಗೋಡೆ ಹತ್ತೋಕೆ ಬಂದಾಗ ಮೇರಿ, ಅವರ ಹೆಣ್ಣುಮಕ್ಕಳು, ಮನೆಗೆಲಸದವರು ಮೇಲಿನಿಂದ ಕಲ್ಲು, ನಿಗಿನಿಗಿ ಕೆಂಡ ಸುರಿದರು. ಕೊನೆಗೆ ಸೈನ್ಯವೇ ಗಂಟುಮೂಟೆ ಕಟ್ಟಿಕೊಂಡು ಹೋಯ್ತು.

ಮುಂದಿನ ವರ್ಷ, 1644ರಲ್ಲಿ, ಬ್ಯಾಂಕ್ಸ್ ತೀರಿಕೊಂಡರು. ಮೇರಿ ಆದರೂ ಕೋಟೆ ಬಿಡಲಿಲ್ಲ. ಎರಡನೇ ಮುತ್ತಿಗೆ ಬಂತು. ಅದಕ್ಕೂ ಗೋಡೆ ಜಗ್ಗಲಿಲ್ಲ. ಆದ್ರೆ ಮನುಷ್ಯ ಜಗ್ಗಿದ. ಕೋಟೆಯೊಳಗೇ ಇದ್ದ ಪಿಟ್‌ಮನ್ ಅನ್ನೋ ಅಧಿಕಾರಿ ಹೊರಗಿನವರ ಜೊತೆ ಗುಟ್ಟಾಗಿ ಕೈಜೋಡಿಸಿದ. ‘ನಮಗೆ ಸಹಾಯಕ್ಕೆ ಜನ ಕರ್ಕೊಂಡು ಬರ್ತೀನಿ’ ಅಂತ ಹೇಳಿ ಹೋದವನು, ವೇಷ ಮರೆಸಿಕೊಂಡ ಶತ್ರು ಸೈನಿಕರನ್ನೇ ಒಳಗೆ ಕರ್ಕೊಂಡು ಬಂದ. 1646ರ ಫೆಬ್ರವರಿಯಲ್ಲಿ ಕೋಟೆ ಕೈಬಿಟ್ಟಿತು. ಮೇರಿಯ ಧೈರ್ಯ ಮೆಚ್ಚಿ ಶತ್ರುಗಳೇ ಕೋಟೆಯ ಬೀಗದ ಕೈಗಳನ್ನು ಅವರಿಗೆ ಬಿಟ್ಟುಕೊಟ್ಟರು ಅಂತ ಪ್ರತೀತಿ ಇದೆ.

ಗೆದ್ದವರಿಗೆ ಈಗ ಬೇರೆ ಚಿಂತೆ. ಇಂಥ ಕೋಟೆ ನಾಳೆ ಮತ್ತೆ ದೊರೆಯವರ ಕೈ ಸೇರಿದ್ರೆ? ಅದಕ್ಕೇ ಪಾರ್ಲಿಮೆಂಟ್ ಇದನ್ನು ಕೆಡವೋಕೆ ಆದೇಶ ಕೊಟ್ಟಿತು. ಗೋಡೆಗಳ ಬುಡ ಕೊರೆದು ಮದ್ದು ತುಂಬಿ ಸಿಡಿಸಿದರು. ಆದರೆ ಅಷ್ಟು ದಪ್ಪ ಗೋಡೆ ಪೂರ್ತಿ ಪುಡಿಯಾಗಲಿಲ್ಲ. ಕೆಲವು ಗೋಪುರಗಳು ನಿಂತ ಹಾಗೇ ಜಾರಿದವು, ವಾಲಿದವು. ಬಿದ್ದ ಕಲ್ಲನ್ನು ಊರಿನವರು ಹೊತ್ತುಕೊಂಡು ಹೋಗಿ ಮನೆ ಕಟ್ಟಿಕೊಂಡರು.

ಇವತ್ತು ಪ್ರವಾಸಿಗರು ನೋಡೋದು ಆ ಸ್ಫೋಟ ಬಿಟ್ಟುಹೋದ ರೂಪವನ್ನೇ. ಸ್ವಾನೇಜ್ ಪಟ್ಟಣದಿಂದ ಹಳೇ ಉಗಿಬಂಡಿ ರೈಲು ಹತ್ತಿದ್ರೆ ಕೋಟೆಯ ಕೆಳಗೇ ಇಳಿಸುತ್ತೆ. ಊರಿನ ಬೂದು ಕಲ್ಲಿನ ಮನೆಗಳ ಮುಂದೆ ನಡೀವಾಗ ಒಮ್ಮೆ ಗೋಡೆ ದಿಟ್ಟಿಸಿ ನೋಡಿ, ಅದರಲ್ಲೂ ಕೋಟೆ ಇದೆ. ಊರಲ್ಲೇ ಕೋಟೆ ಒಡೆಯೋ ಮುಂಚೆ ಹೇಗಿತ್ತು ಅಂತ ತೋರಿಸೋ ಪುಟ್ಟ ಮಾದರಿಯೂ ಇದೆ. ಮೊದಲು ಅದನ್ನು ನೋಡಿ, ಆಮೇಲೆ ಗುಡ್ಡ ಹತ್ತಿ. ಏನು ಹೋಯ್ತು ಅನ್ನೋದು ಆಗ ತಿಳಿಯುತ್ತೆ.

ಬ್ಯಾಂಕ್ಸ್ ಮನೆತನ ಮುಂದೆ ಕಿಂಗ್‌ಸ್ಟನ್ ಲೇಸಿಯಲ್ಲಿ ಹೊಸ ಮನೆ ಕಟ್ಟಿಕೊಂಡಿತು. 1980ರ ದಶಕದ ಆರಂಭದಲ್ಲಿ ಆ ಮನೆ, ಈ ಕೋಟೆ ಎರಡೂ ಉಯಿಲಿನ ಮೂಲಕ ನ್ಯಾಷನಲ್ ಟ್ರಸ್ಟ್ ಸಂಸ್ಥೆಗೆ ಸೇರಿದವು. ಮೇರಿಯವರದು ಅಂತ ಹೇಳೋ ಬೀಗದ ಕೈಗಳು ಇವತ್ತಿಗೂ ಅಲ್ಲೇ ಗೋಡೆ ಮೇಲೆ ತೂಗ್ತಿವೆ. ಅವು ತೆರೆಯೋ ಬಾಗಿಲುಗಳು ಮಾತ್ರ ಎಲ್ಲೂ ಉಳಿದಿಲ್ಲ.