ಕಲ್ಯಾಣಿಯಿಂದ ಪ್ಲಾಸ್ಟಿಕ್ ಕೊಳದವರೆಗೆ

ನಿಂತ ನೀರನ್ನು ಶುಚಿಯಾಗಿಡುವ ವಿದ್ಯೆಗೆ ಹಾಸನ ಜಿಲ್ಲೆಯಲ್ಲಿ ಎಂಟುನೂರು ವರ್ಷಕ್ಕೂ ಮಿಕ್ಕಿದ ಚರಿತ್ರೆಯಿದೆ. ಹಳೇಬೀಡಿನ ಹತ್ತಿರ ಹುಲಿಕೆರೆಯಲ್ಲಿ ಹೊಯ್ಸಳರು 12ನೇ ಶತಮಾನದಲ್ಲಿ ಕಟ್ಟಿಸಿದ ಕಲ್ಯಾಣಿ, ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದಲ್ಲಿ ಚಿಕ್ಕದೇವರಾಜ ಒಡೆಯರ ಕಾಲಕ್ಕೆ ಸೇರಿದ ಕಲ್ಯಾಣಿ, ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಕಾವೇರಿಯ ಮೀನುಗಳಿಗೆ ಅಭಯ ಕೊಟ್ಟ ವಹ್ನಿ ಪುಷ್ಕರಿಣಿ ಇಂದಿಗೂ ಕಣ್ಣೆದುರಿಗಿವೆ. ಈಗ ತೋಟದ ಮನೆಗಳ ಅಂಗಳಕ್ಕೂ ಹೋಂಸ್ಟೇಗಳಿಗೂ ನೆಲ ಅಗೆಯದೆ ನಿಲ್ಲಿಸುವ ಪ್ಲಾಸ್ಟಿಕ್ ಈಜುಕೊಳಗಳು ಬರುತ್ತಿವೆ. ಕೊಳ ಬಂದಷ್ಟು ಸುಲಭವಾಗಿ ಅದನ್ನು ಕಾಯುವ ತಿಳಿವಳಿಕೆ ಬಂದಿಲ್ಲ.

ಕಲ್ಯಾಣಿಯ ನೀರಿಗೆ ಯಾರೂ ಔಷಧಿ ಹಾಕುತ್ತಿರಲಿಲ್ಲ. ತಳದಲ್ಲಿ ಒರತೆ, ಮೇಲಿನಿಂದ ಮಳೆ, ಹೆಚ್ಚಾದದ್ದು ಹರಿದುಹೋಗಲು ದಾರಿ. ಸೊಳ್ಳೆಯ ಮರಿಗಳನ್ನು ಮೀನುಗಳು ತಿನ್ನುತ್ತಿದ್ದವು. ಬೇಸಿಗೆಯಲ್ಲಿ ನೀರು ಇಳಿದಾಗ ಊರಿನವರು ಹೂಳೆತ್ತಿ ಮೆಟ್ಟಿಲಿನ ಪಾಚಿ ಉಜ್ಜುತ್ತಿದ್ದರು. ಕೆರೆಯಲ್ಲಾದರೆ ತೂಬಿನ ಹೊಣೆಗೆ ನೀರುಗಂಟಿ ಇದ್ದ. ಕುಡಿಯುವ ನೀರು ಕದಡಿದ್ದರೆ ಮಡಕೆಯ ಒಳಮೈಗೆ ಚಿಲ್ಲದ ಬೀಜ ತೇಯುತ್ತಿದ್ದರು, ಇಲ್ಲವೇ ಪಟಿಕ ಆಡಿಸುತ್ತಿದ್ದರು. ಈ ವ್ಯವಸ್ಥೆಯ ಜೀವ ಇದ್ದದ್ದು ಕಲ್ಲಿನಲ್ಲಲ್ಲ, ವರ್ಷವರ್ಷವೂ ಇಳಿದು ಕೆಲಸ ಮಾಡುವ ಕೈಗಳಲ್ಲಿ. ಆ ಕೈಗಳು ಹಿಂದೆ ಸರಿದ ಕಡೆಯಲ್ಲೆಲ್ಲ ಕಲ್ಯಾಣಿಗಳು ಹೂತುಹೋದವು. 2017ರ ಬರದ ದಿನಗಳಲ್ಲಿ ಹಾಸನದ ಹಸಿರುಭೂಮಿ ಪ್ರತಿಷ್ಠಾನದವರು ಶ್ರಮದಾನದಿಂದ ಹಳೆಯ ಕಲ್ಯಾಣಿಗಳ ಹೂಳು ತೆಗೆದಾಗ ಮತ್ತೆ ನೀರು ಕಂಡಿತು.

ಹಳೆಯದನ್ನು ಹೊಗಳುವಾಗ ಒಂದು ಮಾತು ಮರೆಯಬಾರದು. ತಿಳಿಯಾಗಿ ಕಾಣುವ ನೀರೆಲ್ಲ ಸುರಕ್ಷಿತವಲ್ಲ. ಮೆಟ್ಟಿಲಿಳಿದು ಕೊಡ ತುಂಬುವ ಬಾವಿಗಳಿಂದಲೇ ನಾರುಹುಣ್ಣು ಹರಡುತ್ತಿತ್ತು. ಹುಣ್ಣಿನ ಕಾಲು ನೀರಿಗೆ ತಾಗಿದಾಗ ಹುಳುವಿನ ಮರಿಗಳು ನೀರು ಸೇರಿ, ಅಲ್ಲಿನ ಸಣ್ಣ ಜೀವಿಗಳ ಮೂಲಕ ಕುಡಿದವರ ಹೊಟ್ಟೆಗೆ ಹೋಗುತ್ತಿದ್ದವು. ಈ ರೋಗ ಕಾಡಿದ ರಾಜ್ಯಗಳಲ್ಲಿ ಕರ್ನಾಟಕವೂ ಒಂದು. ದೇಶದ ಕೊನೆಯ ಪ್ರಕರಣ ಕಂಡದ್ದು 1996ರಲ್ಲಿ. ಭಾರತ ನಾರುಹುಣ್ಣಿನಿಂದ ಮುಕ್ತ ಎಂಬ ಮಾನ್ಯತೆ ಸಿಕ್ಕಿದ್ದು 2000ದಲ್ಲಿ.

ಹೊಸ ವಿದ್ಯೆ ಹುಟ್ಟಿದ್ದು ಹೊರದೇಶಗಳಲ್ಲಿ. ಅಮೆರಿಕದ ಜೆರ್ಸಿ ಸಿಟಿ 1908ರಲ್ಲಿ ಊರಿನ ನೀರಿಗೆ ಕ್ಲೋರಿನ್ ಬೆರೆಸಿತು. ಎರಡು ವರ್ಷದೊಳಗೆ ಬ್ರೌನ್ ವಿಶ್ವವಿದ್ಯಾಲಯದ ಈಜುಕೊಳದಲ್ಲಿ ಅದೇ ಪ್ರಯೋಗವಾಯಿತು. ನೀರಿನ ಆಮ್ಲ-ಕ್ಷಾರ ಗುಣವನ್ನು ಅಳೆಯುವ ಪಿಹೆಚ್ ಮಾನವನ್ನು ಡೆನ್ಮಾರ್ಕಿನ ಸೊರೆನ್ಸೆನ್ ಕೊಟ್ಟದ್ದು 1909ರಲ್ಲಿ. ನೀರು ಸುಣ್ಣವನ್ನು ಕರಗಿಸುತ್ತದೆಯೋ ಕಟ್ಟಿಸುತ್ತದೆಯೋ ಎಂದು ಲೆಕ್ಕ ಹಾಕುವ ಸೂತ್ರವನ್ನು ಲ್ಯಾಂಗ್ಲಿಯರ್ 1936ರಲ್ಲಿ ರೂಪಿಸಿದರು. ಕ್ಲೋರಿನ್ ಇದ್ದರೆ ಗುಲಾಬಿ ಬಣ್ಣ ತೋರುವ ಡಿಪಿಡಿ ಪರೀಕ್ಷೆಯನ್ನು ಪಾಲಿನ್ 1957ರಲ್ಲಿ ಪ್ರಕಟಿಸಿದರು. ನಮ್ಮ ಹಳ್ಳಿಗಳಿಗೆ ಇದೆಲ್ಲ ತಲುಪಿದ್ದು ಬ್ಲೀಚಿಂಗ್ ಪುಡಿಯ ರೂಪದಲ್ಲಿ: ಬಾವಿಯ 1000 ಲೀಟರ್ ನೀರಿಗೆ ಸುಮಾರು 2.5 ಗ್ರಾಂ ಎಂಬ ಲೆಕ್ಕ.

ಈಜುಕೊಳಕ್ಕೆ ಆ ಲೆಕ್ಕ ಸಾಲದು. ಬೆವರು, ಎಣ್ಣೆ, ಮೂತ್ರ, ಎಲೆ, ದೂಳು ಎಲ್ಲವೂ ಕ್ಲೋರಿನ್ನನ್ನು ತಿನ್ನುತ್ತವೆ. ಲೀಟರಿಗೆ 1ರಿಂದ 3 ಮಿಲಿಗ್ರಾಂ ಕ್ಲೋರಿನ್ ಸದಾ ಉಳಿದಿರಬೇಕು, ಪಿಹೆಚ್ 7.2ರಿಂದ 7.8ರೊಳಗೆ ಇರಬೇಕು. ಎರಡನೆಯದನ್ನೇ ಜನ ಕಡೆಗಣಿಸುವುದು. ಪಿಹೆಚ್ 7.5ರಲ್ಲಿ ಕ್ಲೋರಿನ್ನಿನ ಅರ್ಧದಷ್ಟು ಚುರುಕಾದ ರೂಪದಲ್ಲಿರುತ್ತದೆ. 8ಕ್ಕೆ ಏರಿದರೆ ಕಾಲುಭಾಗಕ್ಕಿಳಿಯುತ್ತದೆ. ಪುಡಿ ಎಷ್ಟು ಸುರಿದರೂ ಪಾಚಿ ಹೋಗಲಿಲ್ಲ ಎನ್ನುವವರು ಮೊದಲು ಪಿಹೆಚ್ ನೋಡಬೇಕು. ಕಣ್ಣು ಉರಿಸುವ ಕೆಟ್ಟ ವಾಸನೆ ಕ್ಲೋರಿನ್ ಹೆಚ್ಚಾದದ್ದರ ಗುರುತೆಂದು ಹಲವರ ನಂಬಿಕೆ. ನಿಜದಲ್ಲಿ ಅದು ಬೆವರು, ಮೂತ್ರಗಳೊಡನೆ ಕೂಡಿ ಸೊರಗಿದ ಕ್ಲೋರಿನ್ನಿನ ವಾಸನೆ.

ನೀರು ಎಲ್ಲಿಯದು ಎಂಬುದೂ ಮುಖ್ಯ. ಚನ್ನರಾಯಪಟ್ಟಣದ ಕಡೆಯ ಬಯಲುಸೀಮೆಯ ಬೋರ್‌ವೆಲ್ ನೀರು ಗಡಸು. ಹಂಡೆಯ ತಳದಲ್ಲಿ ಬಿಳಿ ಸುಣ್ಣ ಕಟ್ಟುವ ಹಾಗೆಯೇ ಕೊಳದ ಫಿಲ್ಟರಿನಲ್ಲೂ ಕಟ್ಟುತ್ತದೆ. ಹೊಳೆನರಸೀಪುರದ ಹೇಮಾವತಿಯ ನೀರು ಅದಕ್ಕಿಂತ ಮೆದು. ಮೆದು ನೀರಿನಲ್ಲಿ ಪಿಹೆಚ್ ನಿಲ್ಲದೆ ಓಲಾಡಿದರೆ ಸ್ವಲ್ಪ ಅಡುಗೆ ಸೋಡಾ ಹಿಡಿದು ನಿಲ್ಲಿಸುತ್ತದೆ. ಅರಕಲಗೂಡಿನಲ್ಲಿ ಮುಂಗಾರು ಹಿಡಿದರೆ ಒಂದು ರಾತ್ರಿಯ ಮಳೆ ಕೊಳದ ಹದವನ್ನೆಲ್ಲ ತೆಳುವಾಗಿಸುತ್ತದೆ. ಊರೂರಿಗೂ ಹದ ಬೇರೆ, ಕ್ಲೋರಿನ್ ಡಬ್ಬಿಯ ಮೇಲಿನ ಸೂಚನೆ ಮಾತ್ರ ಒಂದೇ.

ಹನ್ನೆರಡು ಅಡಿ ಅಗಲದ ದುಂಡು ಕೊಳದಲ್ಲಿ ಎರಡಡಿ ನೀರು ನಿಂತರೆ ಸುಮಾರು 6400 ಲೀಟರ್. ಅದಕ್ಕೆ ಒಳ್ಳೆಯ ಬ್ಲೀಚಿಂಗ್ ಪುಡಿ 40 ಗ್ರಾಂ ಹಾಕಿದರೆ ಲೀಟರಿಗೆ 2 ಮಿಲಿಗ್ರಾಂ ಕ್ಲೋರಿನ್ ಬರುತ್ತದೆ. ಬಕೆಟ್ಟಿನ ನೀರಿಗೆ ಪುಡಿ ಹಾಕಿ ಕಲಸಿ, ಸುಣ್ಣ ತಳಕ್ಕೆ ಕೂತ ಮೇಲೆ ತಿಳಿಯನ್ನಷ್ಟೇ ಬಗ್ಗಿಸಬೇಕು. ಬಿಸಿಲು ಕೆಲವೇ ಗಂಟೆಗಳಲ್ಲಿ ಕ್ಲೋರಿನ್ನನ್ನು ಹೀರುವುದರಿಂದ ಸಂಜೆ ಹಾಕುವುದೇ ಸರಿ. ಬ್ಲೀಚಿಂಗಿಗೆ ಆಸಿಡ್ ತಾಗಿದರೆ ವಿಷಗಾಳಿ ಏಳುತ್ತದೆ. ಎರಡನ್ನೂ ಒಂದೇ ಕಡೆ ಇಡಲೇಬಾರದು. ಕೆಲವು ಕ್ಲೋರಿನ್ ಮಾತ್ರೆಗಳು ಬಿಸಿಲಿಗೆ ತಡೆಯಾಗುವ ಸಯನ್ಯೂರಿಕ್ ಆಮ್ಲವನ್ನೂ ಬಿಡುತ್ತವೆ. ಅದು ಅತಿಯಾಗಿ ಸೇರಿಕೊಂಡರೆ ಕ್ಲೋರಿನ್ ಮಂದವಾಗುತ್ತದೆ. ಆಗ ನೀರಿನ ಒಂದು ಪಾಲು ಬದಲಿಸುವುದೇ ದಾರಿ.

2024ರಲ್ಲಿ ಕೇರಳದ ಮಲಪ್ಪುರಂ, ಕೋಯಿಕ್ಕೋಡ್ ಜಿಲ್ಲೆಗಳಲ್ಲಿ ಸಿಹಿನೀರಿನಲ್ಲಿ ಮಿಂದ ಮಕ್ಕಳು ಅಮೀಬಾ ತರುವ ಮೆದುಳಿನ ಉರಿಯೂತಕ್ಕೆ ಬಲಿಯಾದರು. ಬೆಚ್ಚಗಿನ, ನಿಗಾ ಇಲ್ಲದೆ ಬಿಟ್ಟ ನೀರು ಆ ಅಮೀಬಾಕ್ಕೆ ಒಗ್ಗುತ್ತದೆ. ಕ್ಲೋರಿನ್ ತಪ್ಪದೆ ಉಳಿದ ನೀರಿನಲ್ಲಿ ಅದಕ್ಕೆ ನೆಲೆಯಿಲ್ಲ. ಮನೆಯ ಕೊಳವನ್ನು ಲಘುವಾಗಿ ನೋಡಬಾರದೆನ್ನಲು ಇದಕ್ಕಿಂತ ದೊಡ್ಡ ಕಾರಣ ಬೇಕಿಲ್ಲ.

ಹಾಗಾಗಿ ಕೊಳ ಕೊಳ್ಳುವ ಮನೆಯವರಲ್ಲಿ ಒಂದು ಕೋರಿಕೆ. ಕೊಳಕ್ಕಿಂತ ಮೊದಲು ಅದರ ನೀರುಗಂಟಿ ಯಾರೆಂದು ನಿಶ್ಚಯಿಸಿ. ಅವರ ಕೈಗೆ ಒಂದು ಪರೀಕ್ಷೆಯ ಪೆಟ್ಟಿಗೆ ಕೊಡಿ, ದಿನವೂ ಅಳತೆ ಬರೆದಿಡಲು ಹೇಳಿ. ಅಳೆಯದ ದಿನ ಮಕ್ಕಳನ್ನು ನೀರಿಗೆ ಇಳಿಸಬೇಡಿ, ಕಾಯುವವರಿಲ್ಲದಾಗ ಏಣಿ ತೆಗೆದಿಡಿ. ಕೊಳ ಖಾಲಿ ಮಾಡುವ ಮುನ್ನ ಕೆಲವು ದಿನ ಕ್ಲೋರಿನ್ ಹಾಕದೆ ಬಿಸಿಲಿಗೆ ಬಿಟ್ಟು, ಆಮೇಲೆ ತೆಂಗಿನ ಬುಡಕ್ಕೆ ಹಾಯಿಸಿ. ಕೆರೆಗೆ ಮಾತ್ರ ಬಿಡಬೇಡಿ.