ರಾಗಿಹೊಲದ ನೀಲಗಿರಿ ಮತ್ತು ನೆಲದಡಿಯ ನೀರು

ಹೊಸಪೇಟೆ, ಕಂಪ್ಲಿ ಪ್ರಾಂತದ ಜಲಚರಿತ್ರೆಯನ್ನು ಬರೆಯುವಾಗ ನಾವು ಕಣ್ಣಿಗೆ ಕಾಣುವ ಕೆರೆಕಾಲುವೆಗಳನ್ನೇ ಲೆಕ್ಕಿಸುತ್ತೇವೆ. ಸುಮಾರು 1520ರಲ್ಲಿ ಹಂಪೆಗೆ ಬಂದ ಪಾಯೆಸನು ಕೃಷ್ಣದೇವರಾಯನು ಕಟ್ಟಿಸುತ್ತಿದ್ದ ಕೆರೆಯನ್ನು ವರ್ಣಿಸಿದ್ದಾನೆ. ಆದರೆ ಮಳೆಯಾಶ್ರಯದ ಹೊಲದ ಮಣ್ಣೂ ನೀರನ್ನು ಹಿಡಿದಿಡುವ ಒಂದು ಕೆರೆಯೇ ಸರಿ.

ಇದಕ್ಕೆ ನಿದರ್ಶನವು ಮೈಸೂರು ಸೀಮೆಯಲ್ಲಿ ದೊರೆಯುತ್ತದೆ. 1980ರ ದಶಕದ ಸಾಮಾಜಿಕ ಅರಣ್ಯ ಯೋಜನೆಯ ಕಾಲದಲ್ಲಿ ಕೋಲಾರದ ಕಡೆಯ ಅನೇಕ ರಾಗಿಹೊಲಗಳು ನೀಲಗಿರಿ ತೋಪುಗಳಾದುವು. ಹೊಸಕೋಟೆಯ ಬಳಿ ಹಿಂದೆ ಹೊಲವಾಗಿದ್ದ ನೆಲದಲ್ಲಿ ಕಾಲ್ಡರ್ ಮತ್ತು ಸಂಗಡಿಗರು ಅಳತೆ ನಡೆಸಿ, 1997ರಲ್ಲಿ ಫಲಿತಾಂಶವನ್ನು ಪ್ರಕಟಿಸಿದರು. ಮರಗಳು ಬಿದ್ದ ಮಳೆಗಿಂತಲೂ ಹೆಚ್ಚು ನೀರನ್ನು ವ್ಯಯಿಸಿದ್ದುವು. ಬೇರುಗಳು ವರ್ಷಕ್ಕೆ ಸುಮಾರು 2.5 ಮೀಟರಿನಂತೆ ಕೆಳಗಿಳಿದು ಆಳದ ತೇವವನ್ನು ಹೀರಿದ್ದುವು. ಮಣ್ಣು ಆಳವಿಲ್ಲದ ತಾಣಗಳಲ್ಲಿ ಈ ವ್ಯಯವು ಮಳೆಯನ್ನು ಮೀರಲಿಲ್ಲ. 2017ರಲ್ಲಿ ಸರ್ಕಾರವು ನೀಲಗಿರಿ ನೆಡುವುದನ್ನು ನಿಷೇಧಿಸಿತು.

ಆದುದರಿಂದ ಹೊಸಪೇಟೆ, ಸಂಡೂರುಗಳಲ್ಲಿಯೂ ಬತ್ತಿದ ಬಾವಿಯ ಚರಿತ್ರೆಯನ್ನು ಬರೆಯುವವರು ಮಳೆಯ ಲೆಕ್ಕದೊಡನೆ ಮಣ್ಣಿನ ಆಳವನ್ನೂ ಸುತ್ತಲ ಹೊಲಗಳಲ್ಲಿ ಬೆಳೆ ಬದಲಾದ ವರ್ಷವನ್ನೂ ವಿಚಾರಿಸತಕ್ಕದ್ದು.