ಕುದುರೆ ಸಾಗಿಸುವ ಬಳಕೆಯಾದ ಲಾರಿಯ ಖರೀದಿ: ಸಾರ್ವಜನಿಕರಿಗೆ ಮಾಹಿತಿ

ಕುದುರೆ ಸಾಕುವವರು, ಸವಾರಿ ಶಾಲೆಗಳು ಹಾಗೂ ಸಾಗಣೆದಾರರು ಹೊಸ ವಾಹನದ ಬೆಲೆ ಭರಿಸಲಾಗದೆ ಬಳಕೆಯಾದ ಲಾರಿಗಳನ್ನು ಖರೀದಿಸುವುದುಂಟು. ಬೆಲೆ ಕಡಿಮೆಯೆಂಬ ಕಾರಣಕ್ಕೆ ಕೊಂಡ ಲಾರಿಯು ಪ್ರಾಣಿ ಸಾಗಣೆಗೆ ಅರ್ಹವಾಗದಿದ್ದರೆ ಅಥವಾ ಅದರ ದಾಖಲೆಗಳು ಅಪೂರ್ಣವಾಗಿದ್ದರೆ ನಷ್ಟವು ಖರೀದಿದಾರರದೇ ಆಗುತ್ತದೆ. ಮುಂಗಡ ಹಣ ನೀಡುವ ಮೊದಲು ಈ ಕೆಳಗಿನ ಅಂಶಗಳನ್ನು ಪರಿಶೀಲಿಸತಕ್ಕದ್ದು.

1. ಪ್ರಾಣಿ ಸಾಗಣೆಗೆ ಅರ್ಹತೆ

ಕೇಂದ್ರ ಮೋಟಾರು ವಾಹನ ನಿಯಮಗಳು, 1989ರ ನಿಯಮ 125ಇ ಪ್ರಕಾರ, 2016ರ ಜನವರಿ 1ರಿಂದ ಪ್ರಾಣಿಗಳನ್ನು ಸಾಗಿಸುವ ವಾಹನದಲ್ಲಿ ಪ್ರತಿ ಪ್ರಾಣಿಗೂ ಪ್ರತ್ಯೇಕವಾದ ಶಾಶ್ವತ ವಿಭಾಗವಿರಬೇಕು. ಪ್ರತಿ ಕುದುರೆಗೆ ಕನಿಷ್ಠ 2.25 ಚದರ ಮೀಟರ್ ಸ್ಥಳ ಅಗತ್ಯ. ಇಂತಹ ವಾಹನದಲ್ಲಿ ಬೇರೆ ಸರಕು ಸಾಗಿಸುವಂತಿಲ್ಲ. ಸಾರಿಗೆ ಕಚೇರಿಯಿಂದ ವಿಶೇಷ ಪರವಾನಗಿಯನ್ನೂ ಪಡೆಯತಕ್ಕದ್ದು.

ಉದಾಹರಣೆ: 14 ಅಡಿ ಉದ್ದ, 6 ಅಡಿ ಅಗಲದ ಲಾರಿಯ ವಿಸ್ತೀರ್ಣ ಸುಮಾರು 7.8 ಚದರ ಮೀಟರ್. ಅದರಲ್ಲಿ 3 ಕುದುರೆಗಳಿಗೆ ಮಾತ್ರ ಸ್ಥಳ ದೊರೆಯುತ್ತದೆ. 17 ಅಡಿ ಉದ್ದ, 7 ಅಡಿ ಅಗಲದ ಲಾರಿಯ ವಿಸ್ತೀರ್ಣ ಸುಮಾರು 11 ಚದರ ಮೀಟರ್. ಅದು 4 ಕುದುರೆಗಳಿಗೆ ಸಾಕಾದರೂ 5ಕ್ಕೆ ಸಾಲದು. ಮಾರಾಟಗಾರರು ಹೇಳುವ ಸಂಖ್ಯೆಯನ್ನು ನಂಬದೆ ಒಳ ಅಳತೆಯನ್ನು ಟೇಪಿನಿಂದ ಅಳೆಯುವುದು ಸೂಕ್ತ.

ಪ್ರಾಣಿಗಳ ಸಾಗಣೆ ನಿಯಮಗಳು, 1978ರ ಪ್ರಕಾರ ಸಾಮಾನ್ಯ ಲಾರಿಯ ನೆಲದಲ್ಲಿ ಜಾರದಂತೆ ತೆಂಗಿನ ನಾರಿನ ಚಾಪೆ ಅಥವಾ ಮರದ ಹಲಗೆ ಇರಬೇಕು. ಹಿಂಭಾಗದಲ್ಲಿ ಪ್ರಾಣಿ ಬೀಳದಂತೆ ಗಟ್ಟಿ ಅಡ್ಡಪಟ್ಟಿಗಳಿರಬೇಕು. ಪ್ರಯಾಣಕ್ಕೆ ಕುದುರೆಯು ಯೋಗ್ಯವೆಂಬ ಪಶುವೈದ್ಯರ ಪ್ರಮಾಣಪತ್ರವೂ ಅಗತ್ಯ.

2. ತೂಕದ ಲೆಕ್ಕ

ನೋಂದಣಿ ಪ್ರಮಾಣಪತ್ರದಲ್ಲಿನ ಒಟ್ಟು ತೂಕದಿಂದ ಖಾಲಿ ವಾಹನದ ತೂಕವನ್ನು ಕಳೆದರೆ ಹೊರಬಹುದಾದ ಭಾರ ದೊರೆಯುತ್ತದೆ. ಪೂರ್ಣ ಬೆಳೆದ ಥರೋಬ್ರೆಡ್ ಕುದುರೆಯ ತೂಕ ಸಾಮಾನ್ಯವಾಗಿ 450ರಿಂದ 550 ಕಿಲೋಗ್ರಾಂ. ವಿಭಾಗಗಳು, ರ‍್ಯಾಂಪ್, ನೀರು, ಮೇವು ಹಾಗೂ ಜೊತೆಗೆ ಬರುವವರ ತೂಕವನ್ನೂ ಸೇರಿಸತಕ್ಕದ್ದು. ನಂತರ ಅಳವಡಿಸಿದ ಭಾರವು ದಾಖಲೆಯಲ್ಲಿ ಇಲ್ಲದಿರಬಹುದಾದ್ದರಿಂದ, ಖಾಲಿ ಲಾರಿಯನ್ನು ವೇಬ್ರಿಡ್ಜ್‌ನಲ್ಲಿ ತೂಗಿಸುವುದು ಉತ್ತಮ. ಒಡಲನ್ನು ಬದಲಿಸಿದ್ದಲ್ಲಿ ಅದು ಪ್ರಮಾಣಪತ್ರದಲ್ಲಿ ನಮೂದಾಗಿದೆಯೇ ಎಂದು ನೋಡತಕ್ಕದ್ದು.

3. ಯಾಂತ್ರಿಕ ಪರಿಶೀಲನೆ

ಕುದುರೆ ಲಾರಿಯ ಮುಖ್ಯ ದೋಷ ಎಂಜಿನ್‌ಗಿಂತಲೂ ನೆಲದಲ್ಲಿ ಅಡಗಿರುವುದುಂಟು. ಕುದುರೆಯ ಮೂತ್ರವು ಚಾಪೆಯ ಕೆಳಗೆ ಇಳಿದು ಮರವನ್ನು ಕೊಳೆಸುತ್ತದೆ, ಕಬ್ಬಿಣವನ್ನು ತುಕ್ಕು ಹಿಡಿಸುತ್ತದೆ. ಚಲಿಸುವಾಗ ನೆಲ ಕುಸಿದರೆ ಪ್ರಾಣಿಯ ಕಾಲು ರಸ್ತೆಗೆ ತಗುಲಿ ಪ್ರಾಣಾಪಾಯವಾಗುತ್ತದೆ. ಆದ್ದರಿಂದ:

• ಚಾಪೆಗಳನ್ನೆಲ್ಲ ತೆಗೆಸಿ, ಹಲಗೆಗಳನ್ನು ಸ್ಕ್ರೂಡ್ರೈವರಿನಿಂದ ಒತ್ತಿ ನೋಡುವುದು. ಮೆತ್ತಗಿದ್ದರೆ ಬದಲಾಯಿಸಬೇಕು.
• ಲಾರಿಯ ಕೆಳಗಿನಿಂದ ಛಾಸಿಯ ಅಡ್ಡ ಪಟ್ಟಿಗಳನ್ನು ಪರೀಕ್ಷಿಸುವುದು. ಹೊಸದಾಗಿ ಬಳಿದ ಬಣ್ಣವು ತುಕ್ಕನ್ನು ಮರೆಮಾಚಿರಬಹುದು.
• ರ‍್ಯಾಂಪಿನ ಕೀಲು, ಸ್ಪ್ರಿಂಗ್ ಹಾಗೂ ಕೊಂಡಿಗಳನ್ನು ತೆರೆದು ಮುಚ್ಚಿ ನೋಡುವುದು.
• ಬ್ರೇಕ್, ಸ್ಟಿಯರಿಂಗ್, ಲೀಫ್ ಸ್ಪ್ರಿಂಗ್ ಮತ್ತು ಟೈರುಗಳನ್ನು ಪರಿಚಯದ ಮೆಕ್ಯಾನಿಕ್‌ನಿಂದ ಪರೀಕ್ಷಿಸುವುದು.
• ತಣ್ಣಗಿರುವ ಎಂಜಿನ್ ಅನ್ನು ತಾವೇ ಚಾಲೂ ಮಾಡಿ ನೋಡುವುದು.

4. ದಾಖಲೆಗಳ ಪರಿಶೀಲನೆ

• ಛಾಸಿ ಮತ್ತು ಎಂಜಿನ್ ಸಂಖ್ಯೆಗಳು ನೋಂದಣಿ ಪ್ರಮಾಣಪತ್ರದೊಂದಿಗೆ ತಾಳೆಯಾಗಬೇಕು.
• ಫಿಟ್‌ನೆಸ್ ಪ್ರಮಾಣಪತ್ರ ಚಾಲ್ತಿಯಲ್ಲಿರಬೇಕು. 8 ವರ್ಷಗಳವರೆಗಿನ ಸಾರಿಗೆ ವಾಹನಕ್ಕೆ 2 ವರ್ಷಗಳಿಗೊಮ್ಮೆ, ನಂತರ ಪ್ರತಿ ವರ್ಷ ನವೀಕರಣ ಅಗತ್ಯ. ಹಳೆಯ ವಾಹನಗಳಿಗೆ ಶುಲ್ಕ ಹೆಚ್ಚು.
• ತೆರಿಗೆ ಬಾಕಿ, ದಂಡದ ಚಲನ್ ಹಾಗೂ ಸಾಲದ ನಮೂದನ್ನು ಪರಿವಾಹನ್ ಜಾಲತಾಣದಲ್ಲಿ ನೋಡಬಹುದು. ಸಾಲ ತೀರಿದ್ದರೆ ನಮೂನೆ 35 ಅಗತ್ಯ.
• ಒಟ್ಟು ತೂಕ 3,000 ಕಿಲೋಗ್ರಾಂ ಮೀರಿದ ಸರಕು ವಾಹನಕ್ಕೆ ರಹದಾರಿ ಬೇಕು. ಪ್ರಾಧಿಕಾರದ ಅನುಮತಿಯಿಲ್ಲದೆ ರಹದಾರಿಯು ಹೊಸ ಮಾಲೀಕರಿಗೆ ವರ್ಗವಾಗುವುದಿಲ್ಲ.

5. ಮಾಲೀಕತ್ವದ ವರ್ಗಾವಣೆ

ಮೋಟಾರು ವಾಹನಗಳ ಅಧಿನಿಯಮ, 1988ರ ಕಲಂ 50ರಂತೆ, ಅದೇ ರಾಜ್ಯದೊಳಗಿನ ಮಾರಾಟವನ್ನು ಮಾರಿದವರು 14 ದಿನಗಳೊಳಗೆ ವರದಿ ಮಾಡತಕ್ಕದ್ದು. ಖರೀದಿದಾರರು 30 ದಿನಗಳೊಳಗೆ ವರ್ಗಾವಣೆಗೆ ಅರ್ಜಿ ಸಲ್ಲಿಸತಕ್ಕದ್ದು. ಇದಕ್ಕೆ ನಮೂನೆ 29 ಮತ್ತು 30 ಬಳಕೆಯಲ್ಲಿವೆ. ಹೊರ ರಾಜ್ಯದ ವಾಹನವಾದರೆ ನಮೂನೆ 28ರ ನಿರಾಕ್ಷೇಪಣಾ ಪತ್ರವನ್ನು ಮೊದಲೇ ಪಡೆಯುವುದು ಕ್ಷೇಮ. ವಿಮಾ ಪಾಲಿಸಿಯಲ್ಲಿ ಹೆಸರು ಬದಲಾವಣೆಗೆ ಖರೀದಿದಾರರು 14 ದಿನಗಳೊಳಗೆ ವಿಮಾ ಕಂಪನಿಗೆ ಅರ್ಜಿ ಸಲ್ಲಿಸತಕ್ಕದ್ದು.

ಸಹಿ ಮಾಡಿದ ಖಾಲಿ ನಮೂನೆಗಳನ್ನು ಕೊಟ್ಟು ಲಾರಿಯನ್ನು ಒಪ್ಪಿಸುವ ರೂಢಿಯು ಮಾರುವವರಿಗೂ ಅಪಾಯಕಾರಿ. ನೋಂದಣಿ ದಾಖಲೆಯಲ್ಲಿ ಹೆಸರಿರುವವರೇ ಅಪಘಾತ ಪರಿಹಾರಕ್ಕೆ ಮಾಲೀಕರಾಗಿ ಹೊಣೆಯಾಗುತ್ತಾರೆಂದು ನವೀನ್ ಕುಮಾರ್ ವಿರುದ್ಧ ವಿಜಯ್ ಕುಮಾರ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2018ರಲ್ಲಿ ತೀರ್ಪು ನೀಡಿದೆ.

6. ಬೆಲೆಯ ನಿರ್ಧಾರ

ಕೇಳಿದ ಬೆಲೆಗೆ ನೆಲದ ದುರಸ್ತಿ, ಟೈರು, ವಿಭಾಗಗಳ ಅಳವಡಿಕೆ, ಫಿಟ್‌ನೆಸ್, ತೆರಿಗೆ ಬಾಕಿ ಮತ್ತು ವಿಮೆಯ ವೆಚ್ಚವನ್ನು ಕೂಡಿಸಿ ಹೋಲಿಸುವುದು ಸೂಕ್ತ. ಬೆಲೆ ಕಡಿಮೆಯಿರುವ ಲಾರಿಗಿಂತ, ನೆಲ ಗಟ್ಟಿಯಾಗಿದ್ದು ದಾಖಲೆಗಳು ಪೂರ್ಣವಾಗಿರುವ ಲಾರಿಯೇ ಅನೇಕ ವೇಳೆ ಅಗ್ಗವೆನಿಸುತ್ತದೆ. ಹೆಚ್ಚಿನ ಮಾಹಿತಿಗಾಗಿ ಸಂಬಂಧಪಟ್ಟ ಪ್ರಾದೇಶಿಕ ಸಾರಿಗೆ ಅಧಿಕಾರಿಗಳ ಕಚೇರಿಯನ್ನು ಸಂಪರ್ಕಿಸಬಹುದು.